ಫಾರೆಸ್ಟ್ ನೌಕರ್ಯಾಗ ಪಗಾರ ಎಷ್ಟು ಅಂತ ಕೇಳಿದ ಪಿಂಪ್ರಿ ಹುಡುಗನಿಗೆ

ಪ್ರಶ್ನೆ: ಕಾಕಾ, ನಮಸ್ಕಾರ. ನಮ್ಮೂರು ಇಂಡಿ ತಾಲೂಕು, ಆದ್ರೆ ನಾನು ಹುಟ್ಟಿದ್ದು ಬೆಳೆದಿದ್ದು ಎಲ್ಲಾ ಪಿಂಪ್ರಿಯಲ್ಲೇ. ವಯಸ್ಸು 24, ಬಿಎಸ್ಸಿ ಆಗಿದೆ, ಚಾಕಣದ ಒಂದು ಕಂಪನಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಇದೀನಿ, ಕೈಗೆ 19 ಸಾವಿರ ಬರುತ್ತೆ. ನನಗೆ ವೈಲ್ಡ್‌ಲೈಫ್ ಆಫೀಸರ್ ಆಗ್ಬೇಕು, ಕಳ್ಳಬೇಟೆಯವರನ್ನ ಹಿಡಿಯೋ ಕೆಲಸ. ಅಪ್ಪ ಮಾತ್ರ "ಕೋಲು ಹಿಡ್ಕೊಂಡು ಅಡವಿ ತಿರುಗೋನಿಗೆ ಯಾರು ಹೆಣ್ಣು ಕೊಡ್ತಾರೆ" ಅಂತಾರೆ. ಪಗಾರ ಎಷ್ಟು, ಕ್ವಾರ್ಟರ್ಸ್ ಪೆನ್ಶನ್ ಇರುತ್ತಾ? ವಾಸ್ಕೋದಲ್ಲಿ ಅತ್ತೆ ಮನೆ ಇದೆ, ಗೋವಾದಲ್ಲೂ ಫಾರ್ಮ್ ತುಂಬಬಹುದಾ? ನಾವು ಕನ್ನಡದವರು ಅಂತ ತೊಂದರೆ ಆಗುತ್ತಾ?

ಉತ್ತರ:

ತಮ್ಮಾ, ನಿಮ್ಮಪ್ಪ ಅಂದಿದ್ದನ್ನ ನಮ್ಮ ಮಾವನೂ ಅಂದಿದ್ದ, ಅಂದ ಮ್ಯಾಲ ಹೆಣ್ಣೂ ಕೊಟ್ಟ, ಅದಕ್ಕ ಆ ಚಿಂತಿ ಬಿಡು. ನಾ ಅಕ್ಕಲಕೋಟ ಕಡೀಯವ, ಮಹಾರಾಷ್ಟ್ರ ಫಾರೆಸ್ಟ್‌ನಾಗ ವನರಕ್ಷಕ ಅಂತ ಸೇರಿ ವನಪಾಲ ಆಗಿ ರಿಟೈರ್ ಆದವ, ಈಗ ಹಡಪಸರದಾಗ ಮಗನ ಫ್ಲ್ಯಾಟಿನಾಗ ಮೊಮ್ಮಗನ್ನ ಸ್ಕೂಲ್ ಬಸ್ಸಿಗೆ ಬಿಡೋದು ನನ್ನ ಬೀಟು. ನೀ ಕೇಳಿದ್ದು ಪಗಾರ, ಮೊದಲು ಅದನ್ನೇ ಹೇಳ್ತೀನಿ, ಆದ್ರ ಬರೇ ಸ್ಲಿಪ್ ಹೇಳಿ ಬಿಟ್ರ ನಿನಗ ಮೋಸ ಮಾಡಿದಂಗ ಆಗ್ತದ.

"ವೈಲ್ಡ್‌ಲೈಫ್ ಆಫೀಸರ್" ಅಂತ ಬೋರ್ಡ್ ಹಾಕ್ಕೊಂಡ ಒಂದು ಹುದ್ದೆ ನಮ್ಮ ಕಡೆ ಇಲ್ಲ. ಕಾಡಿನಾಗ ಒಬ್ಬ ಕಾಯೋ ಭಾಗಕ್ಕ ಬೀಟ್ ಅಂತಾರ, ಅದಕ್ಕ ವನರಕ್ಷಕ (ಗಾರ್ಡ್), ಮೂರು ನಾಕು ಬೀಟ್ ಸೇರಿದ ರೌಂಡಿಗೆ ವನಪಾಲ, ಅದರ ಮ್ಯಾಲ ರೇಂಜರ್ ಸಾಹೇಬ್ರು, ಆಮ್ಯಾಲ ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ), ಡಿಎಫ್‌ಓ (ವಿಭಾಗದ ಅರಣ್ಯಾಧಿಕಾರಿ). ಕೆಲಸ ಎಲ್ಲರದ್ದೂ ಕಾಯೋದೇ, ಆದ್ರ ರಾತ್ರಿ ಎರಡಕ್ಕ ಫೋನ್ ಬಂದ್ರ ಮೊದಲು ಏಳಾವ ವನರಕ್ಷಕ. ಅಧಿಕಾರಾನೂ ಹಂಗೇ ಅದ, ಹೊರಗಿನವರಿಗೆ ಗೊತ್ತಿಲ್ಲ. 1972ರ ವನ್ಯಜೀವಿ ಕಾಯ್ದೆ 50ನೇ ಕಲಮಿನಾಗ ತಡೆಯೋದು, ಝಡತಿ ಅಂದ್ರ ಹುಡುಕಿ ನೋಡೋದು, ಜಪ್ತಿ ಮಾಡೋದು, ಅರೆಸ್ಟ್ ಮಾಡೋದು, ಈ ಅಧಿಕಾರ ಪೊಲೀಸ್‌ನಾಗ ಸಬ್ ಇನ್ಸ್‌ಪೆಕ್ಟರ್‌ಗಿಂತ ಕೆಳಗಿನವನಿಗೆ ಇಲ್ಲ, ಫಾರೆಸ್ಟ್‌ನಾಗ ಮಾತ್ರ "ಯಾವುದೇ ಅರಣ್ಯಾಧಿಕಾರಿ" ಅಂತ ಅದ. ಅಂದ್ರ 21,700 ಬೇಸಿಕ್‌ನ ಹುಡುಗನ ಕೈಯಾಗ ಆ ಅಧಿಕಾರ ಕೊಟ್ಟಾರ. ನಿಮ್ಮಪ್ಪನಿಗೆ ಇದನ್ನ ಹೇಳು, ಕೋಲಿನ ಮಾತು ಆಮ್ಯಾಲ ನೋಡೂಣು.

ಈಗ ರೊಕ್ಕದ ಲೆಕ್ಕ. ಮಹಾರಾಷ್ಟ್ರದಾಗ ವನರಕ್ಷಕನಿಗೆ ಏಳನೇ ವೇತನ ಆಯೋಗದ ಎಸ್-7 ಸ್ಕೇಲ್, ಬೇಸಿಕ್ 21,700ರಿಂದ 69,100. ಹೊಸಬ ಅಂದ್ರ 21,700 ಹಿಡಿ. ರಾಜ್ಯದ ಡಿಎ (ತುಟ್ಟಿಭತ್ತೆ) 2025ರ ಜನವರಿ ಲೆಕ್ಕಕ್ಕ 55 ಪರ್ಸೆಂಟ್ ಇತ್ತು, ಅದನ್ನೇ ಹಿಡಿದ್ರ 11,935 ಆಯ್ತು. ಮನಿ ಬಾಡಗಿ ಭತ್ತೆ ಊರಿನ ಕ್ಲಾಸ್ ನೋಡಿ ಬರ್ತದ, ಮುಂಬೈ ಪುಣೆ ಎಕ್ಸ್ ಕ್ಲಾಸು, ಹಳ್ಳಿ ಎಲ್ಲಾ ಝಡ್, ನಿನ್ನ ಪೋಸ್ಟಿಂಗ್ ಹಳ್ಳ್ಯಾಗೇ ಆಗೋದು ಅಂತ ಹತ್ತು ಪರ್ಸೆಂಟ್ ಹಾಕೂಣು, 2,170. ಕೂಡಿಸಿದ್ರ 35,805. ಇದರಾಗ ಹೊಸ ಪೆನ್ಶನ್ ಯೋಜನಾ ಎನ್‌ಪಿಎಸ್‌ಗೆ ಬೇಸಿಕ್ ಡಿಎ ಎರಡೂ ಸೇರಿ ಅದರ ಹತ್ತು ಪರ್ಸೆಂಟ್ ಅಂದ್ರ 3,363 ಹೋಯ್ತು, ಪ್ರೊಫೆಶನಲ್ ಟ್ಯಾಕ್ಸ್ 200 ಹೋಯ್ತು, ಗುಂಪು ವಿಮೆ ಅದೂ ಇದೂ ಸ್ವಲ್ಪ ಹೋಗಿ ಕೈಗೆ 32 ಸಾವಿರದ ಒಳಗ ಹೊರಗ. ಇದಲ್ಲದ ಕಾಯಂ ಪ್ರವಾಸ ಭತ್ತೆ, ಯೂನಿಫಾರ್ಮ್ ರೊಕ್ಕ ಇರ್ತದ, ಅದನ್ನ ನಂಬಿ ಯಾರೂ ಇಎಂಐ ತಗೋಬಾರದು, ಬೈಕಿನ ಪೆಟ್ರೋಲಿಗೇ ಸಾಲೂದಿಲ್ಲ. ವರ್ಷಕ್ಕ ಮೂರು ಪರ್ಸೆಂಟ್ ಇನ್‌ಕ್ರಿಮೆಂಟ್. ಪ್ರಮೋಶನ್ ಸಿಗದಿದ್ರೂ 10, 20, 30 ವರ್ಷಕ್ಕ ಆಶ್ವಾಸಿತ ಪ್ರಗತಿ ಯೋಜನಾ ಅಂತ ಮ್ಯಾಲಿನ ಸ್ಕೇಲ್ ಕೊಡ್ತಾರ, ಇದು ದೊಡ್ಡ ಆಸರಾ, ಯಾಕಂದ್ರ ನಮ್ಮ ಇಲಾಖ್ಯಾಗ ಪ್ರಮೋಶನ್ ಅಂದ್ರ ಮಾವಿನ ಸಸಿ ಹಚ್ಚಿ ಹಣ್ಣು ಕಾಯ್ದಂಗ. ನಾ ವನಪಾಲ ಆಗೋ ಹೊತ್ತಿಗೆ ನನ್ನ ಮಗ ಕಾಲೇಜು ಮುಗಿಸಿದ್ದ.

19 ಸಾವಿರದ ಮುಂದ 32 ಸಾವಿರ ನಿನಗ ಛಂದ ಕಾಣ್ತದ, ಕಾಣಲಿ. ಆದ್ರ ಇಲ್ಲೇ ಒಂದು ಲೆಕ್ಕ ಅದ, ಯಾರೂ ಹೇಳೂದಿಲ್ಲ. ಬೀಟಿನ ಊರಾಗ ಕ್ವಾರ್ಟರ್ಸ್ ಇದ್ರ ಅಲ್ಲೇ ಇರಬೇಕು, ಕ್ವಾರ್ಟರ್ಸ್ ತಗೊಂಡ್ರ ಬಾಡಗಿ ಭತ್ತೆ ಬಂದ್. ಕ್ವಾರ್ಟರ್ಸ್ ಅಂದ್ರ ನಿನ್ನ ತಲ್ಯಾಗ ಏನದನೋ, ನನ್ನ ಮೊದಲ ಕ್ವಾರ್ಟರ್ಸ್‌ನಾಗ ಮಳಿಗಾಲಕ್ಕ ಹಂಚಿನ ಕೆಳಗ ಮೂರು ಪಾತೇಲಿ ಇಟ್ಟು ಮಲಗ್ತಿದ್ವಿ, ಯಾವ ಪಾತೇಲಿ ತುಂಬ್ತು ಅಂತ ಸಪ್ಪಳದ ಮ್ಯಾಲೇ ಗೊತ್ತಾಗ್ತಿತ್ತು. ಹೆಂಡ್ತಿ ಎರಡು ವರ್ಷ ತಡಕೊಂಡ್ಳು, ಮಗ ಸಾಲಿಗೆ ಹೋಗೋ ವಯಸ್ಸಾದ ಮ್ಯಾಲ ಸೋಲಾಪುರದಾಗ ಖೋಲಿ ಮಾಡಿ ಇಟ್ಟೆ. ಆಗ ಎರಡು ಒಲಿ, ಎರಡು ಗ್ಯಾಸು, ಎರಡು ಲೈಟ್ ಬಿಲ್ಲು, ವಾರಕ್ಕೊಮ್ಮೆ ಎಸ್‌ಟಿ ಬಸ್ಸು. ಇವತ್ತಿನ ಲೆಕ್ಕದಾಗ ಆ ಎರಡನೇ ಮನಿ ಅಂದ್ರ ತಿಂಗಳಿಗೆ ಎಂಟು ಹತ್ತು ಸಾವಿರಕ್ಕ ಕಮ್ಮಿ ಇಲ್ಲ. ಅದನ್ನ 32ರಾಗ ಕಳೀ, ಉಳದಿದ್ದೇ ನಿನ್ನ ಖರೇ ಪಗಾರ. ಅದಕ್ಕೇ ನಾ ಹುಡುಗರಿಗೆ ಹೇಳೋದು, ಸ್ಲಿಪ್ ನೋಡಿ ಲೆಕ್ಕ ಹಾಕಬ್ಯಾಡ, ಬೀಟ್ ನೋಡಿ ಹಾಕು ಅಂತ. ಬೋರಿವಲಿ ನ್ಯಾಶನಲ್ ಪಾರ್ಕಿನಾಗೋ ಮುಂಬೈ ಮ್ಯಾಂಗ್ರೂವ್ ಸೆಲ್‌ನಾಗೋ ಬಿದ್ದವ ಲೋಕಲ್ ಟ್ರೇನ್ ಹಿಡಿದು ಮನಿಗೆ ಹೋಗಬಹುದು, ಗಡಚಿರೋಲಿ ಬಿದ್ದವನಿಗೆ ಹಂಗಿಲ್ಲ. ಗಡಚಿರೋಲಿಯಂಥ ನಕ್ಸಲ್, ಆದಿವಾಸಿ ಭಾಗದಾಗ ಏಕಸ್ತರ ಅಂತ ಒಂದು ಮೆಟ್ಟಲು ಮ್ಯಾಲಿನ ಸ್ಕೇಲ್ ಕೊಡ್ತಾರ, ಟೈಗರ್ ರಿಸರ್ವ್‌ನಾಗ ಪ್ರಾಜೆಕ್ಟ್ ಅಲೊವನ್ಸ್ ಅದ. ಕೆಲ ಹುಡುಗರು ಲಗ್ನ ಆಗೋತನಕ ಬೇಕಂತಲೇ ಅಲ್ಲಿ ಹೋಗಿ ಒಂದಿಷ್ಟು ಉಳಸ್ಕೊಂಡು ಬರ್ತಾರ, ಶ್ಯಾಣ್ಯಾರು.

ಸೂಟಿ ಕೇಳಲಿಲ್ಲ ನೀನು, ಹೇಳ್ತೀನಿ. ಕಾಗದದ ಮ್ಯಾಲ 8 ಸಿಎಲ್, ವರ್ಷಕ್ಕ 30 ಅರ್ನ್ಡ್ ಲೀವ್. 2020ರಿಂದ ಮಹಾರಾಷ್ಟ್ರ ಸರ್ಕಾರಿ ಆಫೀಸಿಗೆ ಐದು ದಿನದ ವಾರ ಆಯ್ತು, ನಮ್ಮ ಆಫೀಸಿನ ಕ್ಲಾರ್ಕಿಗೆ ಆಯ್ತು, ಬೀಟಿಗೆ ಆಗಲಿಲ್ಲ. ಹೋಳಿ ಹುಣ್ಣಿವಿಗೆ ಗಿಡ ಕಡೀತಾರ ಅಂತ ಡ್ಯೂಟಿ, ದೀಪಾವಳಿಗೆ ಬ್ಯಾಟಿ ಆಡ್ತಾರ ಅಂತ ಡ್ಯೂಟಿ, ಬ್ಯಾಸಗ್ಯಾಗ ಬೆಂಕಿ. ಜುನ್ನರ ಕಡೆ ಬಿದ್ರ ಕಬ್ಬು ಕಡಿಯೋ ಸೀಝನ್ ಪೂರ್ತಿ ಚಿರತಿ. ಕಬ್ಬಿನ ಹೊಲದಾಗೇ ಅವು ಮರಿ ಹಾಕ್ತಾವ, ಕೂಲಿ ಹೆಣ್ಣುಮಕ್ಕಳು ಕುಡುಗೋಲು ಬಿಟ್ಟು ಓಡಿ ಬರ್ತಾರ, ನೀ ಹೋಗಿ ಬೆಕ್ಕಿನ ಮರಿಯಷ್ಟು ಇರೋ ಮರಿಗಳನ್ನ ಕ್ರೇಟಿನಾಗ ಇಟ್ಟು, ಮಾಣಿಕಡೋಹ ರೆಸ್ಕ್ಯೂ ಸೆಂಟರಿನ ಡಾಕ್ಟರ್ ನೋಡಿದ ಮ್ಯಾಲ ಸಂಜಿಗೆ ಅದೇ ಜಾಗಾದಾಗ ಇಟ್ಟು ತಾಯಿ ಬಂದು ಒಯ್ಯೋತನಕ ದೂರ ಜೀಪಿನಾಗ ಉಸುರು ಹಿಡಿದು ಕೂಡಬೇಕು. ಇದಕ್ಕ ಓವರ್‌ಟೈಮ್ ಇಲ್ಲ. ನಡುವ ಊರವರು ಬಂದು ಬಯ್ತಾರ, ಅದಕ್ಕೂ ಭತ್ತೆ ಇಲ್ಲ.

ಕನ್ನಡದವರು ಅಂತ ತೊಂದರಿ ಆಗ್ತದೇನು ಅಂದಿ. ಒಂದು ಕತಿ ಹೇಳ್ತೀನಿ ಕೇಳು. ಎರಡು ತಲಿ ಹಾವು ಗೊತ್ತಲ್ಲ, ಇಲ್ಲಿ ಮಾಂಡೂಳ ಅಂತಾರ, ನಿಧಿ ತೋರಸ್ತದ, ಔಷಧಿಗೆ ಬರ್ತದ ಅಂತ ಸುಳ್ಳು ಹಬ್ಬಿಸಿ ತೂಕದ ಮ್ಯಾಲ ಲಕ್ಷ ಲಕ್ಷ ಹೇಳ್ತಾರ, ಪಾಪ ಅದು ಮಣ್ಣಾಗ ಇಲಿ ತಿಂದು ಬದುಕೋ ಹಾವು, ತಲಿ ಒಂದೇ, ಬಾಲ ಮೊಂಡ ಇದ್ದದ್ದಕ್ಕ ಎರಡು ಅನಸ್ತದ. ಒಮ್ಮೆ ಅಂಥಾ ಒಂದು ಪಾರ್ಟಿ ಲಾಡ್ಜಿಗೆ ಬಂದದ ಅಂತ ಖಬರ್ ಬಂತು. ಸಾಹೇಬ್ರು ನನಗ ಗಿರಾಕಿ ವೇಷ ಹಾಕಿದ್ರು, ಮರಾಠಿ ವ್ಯಾಪಾರಿ, ಕೊರಳಾಗ ಸಾಹೇಬ್ರ ಅಳಿಯನ ಚೈನು. ಖೋಲ್ಯಾಗ ಮೂವರು, ಹಾಸಿಗಿ ಮ್ಯಾಲ ತರಕಾರಿ ತೂಗೋ ತಕ್ಕಡಿ, ದಿಂಬಿನ ಖೋಳದಾಗ ಹಾವು, ಖೋಳದ ಬಾಯಿಗೆ ಹೆಣ್ಣುಮಕ್ಕಳ ಜಡಿ ರಿಬ್ಬನ್ ಕಟ್ಟಿದ್ರು, ಕೆಂಪನೇದು. ತೂಗಲಿಕ್ಕೆ ಹತ್ತಿದ್ರು. ಅಷ್ಟರಾಗ ಒಬ್ಬ ಇನ್ನೊಬ್ಬನಿಗೆ ನಮ್ಮ ಭಾಷ್ಯಾಗೇ ಮೆಲ್ಲಕ ಅಂದ, "ಇವನ ಬೂಟ್ ನೋಡೋ, ಸರ್ಕಾರಿ ಬೂಟ್ ಕಂಡಂಗ ಕಾಣ್ತದ." ನನ್ನ ಹೊಟ್ಯಾಗ ನೀರು ಆಯ್ತು, ಆದ್ರ ಮಾರಿ ಮ್ಯಾಲ ತೋರಸಲಿಲ್ಲ, ಒಂದು ನಿಮಿಷ ಬಿಟ್ಟು ಮರಾಠ್ಯಾಗ ನಾನೇ ತಗದೆ, "ಏನು ಉಪಯೋಗ, ಲಕ್ಷದ ಮಾತಾಡ್ತೀನಿ, ಕಾಲಾಗ ನೋಡು ಎಸ್‌ಆರ್‌ಪಿ ಪೊಲೀಸ್ ಮೈದುನನ ಹಳೇ ಬೂಟು." ಅವರು ನಕ್ರು. ನಾ ಬಾತ್ರೂಮಿನ ಕಿಟಕಿಯಿಂದ ಕೈ ಮಾಡಿದೆ, ಹೊರಗಿದ್ದ ನಮ್ಮ ಫಾರೆಸ್ಟ್ ಮಂದಿ ಒಳಗ ಬಂದ್ರು. ಕನ್ನಡ ಬರದಿದ್ರ ಆ ದಿವ್ಸ ನನ್ನ ಗತಿ ಏನಾಗ್ತಿತ್ತೋ. ಸೋಲಾಪುರ, ಸಾಂಗ್ಲಿ, ಕೊಲ್ಲಾಪುರ, ಈ ಗಡಿ ಜಿಲ್ಲಾದಾಗ ಬ್ಯಾಟಿಯವರು ಗಡಿ ನೋಡೂದಿಲ್ಲ, ನೀ ಎರಡೂ ಭಾಷಾ ಆಡಾವ ಅಂದ್ರ ಸಾಹೇಬ್ರು ನಿನ್ನ ಬಿಡೂದೇ ಇಲ್ಲ. ಮತ್ತ ಆ ದಿವ್ಸ ರಾತ್ರಿ ಮೂರರತನಕ ಜೀಪಿನ ಬಾನೆಟ್ ಮ್ಯಾಲ ಟಾರ್ಚ್ ಹಿಡಿದು ಪಂಚನಾಮೆ ಬರದದ್ದು ನಾನೇ, ತಕ್ಕಡಿ, ಖೋಳ, ರಿಬ್ಬನ್, ಎಲ್ಲಾ ಮುದ್ದೆಮಾಲ್, ಅಂದ್ರ ಜಪ್ತಿ ಮಾಡಿದ ಸಾಮಾನು. ಹಾವನ್ನ ಕೋರ್ಟಿನ ಆರ್ಡರ್ ತಗೊಂಡು ವಾಪಸ್ ಅಡವಿಗೆ ಬಿಟ್ವಿ.

ಕತಿ ಅರ್ಧ ಅದ ಇನ್ನ. ಆ ಕೇಸು ವರ್ಷಗಟ್ಟಲೆ ನಡೀತು, ಪಂಚನಾಮೆಗೆ ಸಹಿ ಹಾಕಿದ ಪಂಚರು ಇಬ್ಬರೂ ಕೋರ್ಟಿನಾಗ ತಿರುಗಿ ನಿಂತ್ರು, ನಾ ಸಾಕ್ಷಿ ಹೇಳಲಿಕ್ಕೆ ಹೋದ ದಿವ್ಸ ವಕೀಲರು ಬರಲಿಲ್ಲ, ಮತ್ತೊಂದು ತಾರೀಖು. ರಿಟೈರ್ ಆದ ಮ್ಯಾಲೂ ಸಮನ್ಸ್ ಬಂತು. ಸರ್ವಿಸ್‌ನಾಗ ಇದ್ದಾಗ ಹೋಗಿ ಬಂದ ಒಂದು ಪ್ರವಾಸ ಬಿಲ್ಲು ಒಂದು ಆಫೀಸಿನ ಟೇಬಲ್ ಮ್ಯಾಲ ಎಷ್ಟು ದಿವ್ಸ ಇತ್ತಂದ್ರ ಅದರ ಮ್ಯಾಲ ಚಹಾ ಕಪ್ಪಿನ ನಾಕು ವೃತ್ತ ಬಿದ್ದಿದ್ವು. ಇದನ್ನ ಯಾಕ ಹೇಳ್ತೀನಂದ್ರ ನಿನಗ ಹಿಡಿಯೋ ಹುಚ್ಚು ಅದ, ಹಿಡಿಯೋದು ಒಂದು ರಾತ್ರಿ, ಬರಿಯೋದು ಹತ್ತು ವರ್ಷ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ ಒಂದರಿಂದ ಜಾರಿ ಆಯ್ತು, ಹೆಚ್ಚಿನ ರಕ್ಷಣೆ ಇರೋ ಶೆಡ್ಯೂಲ್ ಒಂದರ ಪ್ರಾಣಿ ಬ್ಯಾಟಿ ಆಡಿದ್ರ ಮೂರರಿಂದ ಏಳು ವರ್ಷ ಜೈಲು, ಕಮ್ಮಿ ಅಂದ್ರೂ 25 ಸಾವಿರ ದಂಡ, ಕಾಯ್ದೆ ಜೋರದ, ಆದ್ರ ಪಂಚನಾಮೆದಾಗ ಟೈಮ್ ತಪ್ಪಿ ಬರದ್ರ ಆ ಏಳು ವರ್ಷ ಅಲ್ಲೇ ಸೋರಿ ಹೋಗ್ತದ. ನಿನ್ನ ಅಕ್ಷರ ಹ್ಯಾಂಗದ? ಮರಾಠಿ ಬರಿಯೋದು ಮರಾಠಿ ಮಾತಾಡೋದಲ್ಲ, ಅದನ್ನ ಈಗಿಂದ ರೂಢಿ ಮಾಡು.

ಪೆನ್ಶನ್ ವಿಷಯ. ನನ್ನಂಥ ಹಳಬರಿಗೆ ಹಳೇ ಪೆನ್ಶನ್. ಮಹಾರಾಷ್ಟ್ರದಾಗ 2005ರ ನವೆಂಬರ್ ಒಂದರ ಮ್ಯಾಲ ಸೇರಿದವರಿಗೆ ಅದು ಇಲ್ಲ, ಎನ್‌ಪಿಎಸ್, ನಿನ್ನ 10 ಪರ್ಸೆಂಟಿಗೆ ಸರ್ಕಾರ 14 ಹಾಕ್ತದ. 2024ರಾಗ ರಾಜ್ಯ ಯುಪಿಎಸ್ (ಏಕೀಕೃತ ಪೆನ್ಶನ್ ಯೋಜನಾ) ಒಪ್ಪಿಕೊಂಡದ, 25 ವರ್ಷ ಸರ್ವಿಸ್ ಆದ್ರ ಕಡೀ 12 ತಿಂಗಳ ಬೇಸಿಕ್ ಸರಾಸರಿಯ ಅರ್ಧ ಅಂತ ಅದರ ಲೆಕ್ಕ. ರಿಟೈರ್‌ಮೆಂಟ್ 58ಕ್ಕ. ದವಾಖಾನಿ ಖರ್ಚು ಮೊದಲು ಕಿಸೆಯಿಂದ ಕೊಟ್ಟು ಆಮ್ಯಾಲ ಬಿಲ್ ಹಾಕಿ ವಾಪಸ್ ತಗೋಬೇಕು, ಅದಕ್ಕ ಬ್ಯಾರೇ ಒಂದು ಹೆಲ್ತ್ ಪಾಲಿಸಿ ಮಾಡಸು, ಇದರಾಗ ಜಿಪುಣತನ ಬ್ಯಾಡ. ಡ್ಯೂಟಿ ಮ್ಯಾಲ ಸತ್ರ ಮನಿಯವರಿಗೆ 25 ಲಕ್ಷ ಕೊಡೋ ನಿರ್ಣಯ ಆಗ್ಯದ, ಅನುಕಂಪಾ ನೌಕರಿನೂ ಅದ. ಈ ಮಾತು ನಿಮ್ಮವ್ವನ ಮುಂದ ಹೇಳಬ್ಯಾಡ, ಆದ್ರ ನಿನಗ ಗೊತ್ತಿರಲಿ. 2021ರ ನವೆಂಬರಿನಾಗ ತಾಡೋಬಾದಾಗ ಹುಲಿ ಗಣತಿಗೆ ಹೆಜ್ಜಿ ಗುರುತು ನೋಡ್ಕೊಂತ ಹೋದ ವನರಕ್ಷಕಿ ಒಬ್ಬಾಕಿ ಹುಲಿ ಬಾಯಿಗೆ ಹೋದಳು, ಆಕಿ ಸಂಗತಿ ಇದ್ದವರು ಬಾರಮಾಹಿ ವನಮಜೂರರಂಥ ಮಂದಿ, ಅಂದ್ರ ವರ್ಷಪೂರ್ತಿ ಕಾಡಿನಾಗ ಕೂಲಿ ಮಾಡೋವರು, ಅವರಿಗೆ ನಿನ್ನ ಸ್ಲಿಪ್ಪಿನ ಅರ್ಧಾನೂ ಇರೂದಿಲ್ಲ. ನೀ ಗಾರ್ಡ್ ಆದ ದಿವ್ಸ ಅವರ ಡಬ್ಬಿ ನೋಡು, ನಿನ್ನ ಪಗಾರದ ಬಗ್ಗೆ ಗೊಣಗಾಡೋದು ತಾನೇ ಕಮ್ಮಿ ಆಗ್ತದ.

ಈಗ ಎಲ್ಲಕ್ಕಿಂತ ಮುಖ್ಯದ್ದು, ಇದರಾಗ ನಮ್ಮ ಕನ್ನಡ ಹುಡುಗರು ಎಷ್ಟು ಮಂದಿ ಕೈ ಸುಟ್ಕೊಂಡಾರ ಅಂದ್ರ. ವನರಕ್ಷಕಕ್ಕ ಮಹಾರಾಷ್ಟ್ರದ ಡೊಮಿಸೈಲ್, ಅಂದ್ರ ಇಲ್ಲಿನ ನಿವಾಸಿ ಅನ್ನೋ ಸರ್ಟಿಫಿಕೇಟ್ ಬೇಕು, ನೀ ಇಲ್ಲೇ ಹುಟ್ಟಿ ಬೆಳದವ, ಸಾಲಿ ದಾಖಲೆ ಇದ್ರ ಸಿಗ್ತದ. ಆದ್ರ ಜಾತಿ ಸರ್ಟಿಫಿಕೇಟ್ ಬ್ಯಾರೇ ಮಾತು. ನಿಮ್ಮಪ್ಪನ ಹತ್ರ ಇಂಡಿ ತಹಸೀಲ್ದಾರ್ ಕೊಟ್ಟ ಸರ್ಟಿಫಿಕೇಟ್ ಇರಬಹುದು, ಅದು ಇಲ್ಲಿ ರಿಸರ್ವೇಶನ್‌ಗೆ ನಡಿಯೂದಿಲ್ಲ. ಇಲ್ಲಿ ಎಸ್‌ಸಿ ಅಂದ್ರ 1950ರ ಆಗಸ್ಟ್ 10, ಒಬಿಸಿ ಅಂದ್ರ 1967ರ ಅಕ್ಟೋಬರ್ 13, ಆ ತಾರೀಖಿಗಿಂತ ಮೊದಲೇ ನಿಮ್ಮ ಮನೆತನ ಮಹಾರಾಷ್ಟ್ರದಾಗ ಇತ್ತು ಅಂತ ಕಾಗದ ತೋರಸಬೇಕು. ನಿಮ್ಮಜ್ಜ ಯಾವಾಗ ಬಂದಾರ ಕೇಳು. ಅವರು ಇಲ್ಲಿಗೆ ಬಂದದ್ದು 1972ರ ಬರಗಾಲದಾಗ ಅಂದ್ರ, ನಮ್ಮ ಕಡೀ ಮಂದಿ ಬಹಳಷ್ಟು ಹಂಗೇ ಬಂದದ್ದು, ನೀ ರಿಸರ್ವೇಶನ್ ಇಲ್ಲದ ಓಪನ್‌ನಾಗೇ ಫಾರ್ಮ್ ತುಂಬು, ಎಲ್ಲಾ ಪಾಸಾಗಿ ಕಾಗದ ತಪಾಸಣಿ ದಿವ್ಸ ಹೊರಗ ಬೀಳೋದಕ್ಕಿಂತ ಇದು ವಾಸಿ. ವಯಸ್ಸಿನ ಮಿತಿ ಓಪನ್‌ಗೆ ಬಹಳ ಬಿಗಿ, ಹೋದ ನೇಮಕಾತಿಯಾಗ 27 ಇತ್ತು, ನಿನ್ನ ಕೈಯಾಗ ಬಹಳ ವರ್ಷ ಇಲ್ಲ.

ಶಿಕ್ಷಣ ನಿನಗ ಹೆಚ್ಚೇ ಆಯ್ತು, ಹನ್ನೆರಡನೇದಾಗ ವಿಜ್ಞಾನ, ಗಣಿತ, ಭೂಗೋಳ, ಅರ್ಥಶಾಸ್ತ್ರ ಇವುಗಳಾಗ ಒಂದು ಇದ್ರ ಸಾಕು. ಗಂಡುಮಕ್ಕಳಿಗೆ ಎತ್ತರ 163 ಸೆಂಮೀ, ಎದಿ 79, ಉಸುರು ತುಂಬಿದ್ರ 84. ಬರವಣಿಗಿ ಪರೀಕ್ಷಾ ಆದ ಮ್ಯಾಲ 5 ಕಿಮೀ ಓಟ, 30 ನಿಮಿಷದೊಳಗ, ಎಷ್ಟು ಬೇಗ ಓಡಿದಿ ಅಷ್ಟು ಮಾರ್ಕ್ಸು. ಕಡೀಕ ನಾಕು ತಾಸಿನಾಗ 25 ಕಿಮೀ ನಡೀಬೇಕು, ಅದನ್ನ ಸಸಾರ ಮಾಡಬ್ಯಾಡ, ಹೊಸಾ ಬೂಟ್ ಹಾಕ್ಕೊಂಡು ಬಂದವರು 15ನೇ ಕಿಲೋಮೀಟರಿನಾಗ ರಸ್ತೆ ಮ್ಯಾಲ ಕುಂತು ಗುಳ್ಳಿ ನೋಡ್ಕೊತಾರ.

ನಿನ್ನ ಬಿಎಸ್ಸಿ ಸುಮ್ಮನ ಬಿಡಬ್ಯಾಡ. ಎಂಪಿಎಸ್‌ಸಿ (ಮಹಾರಾಷ್ಟ್ರ ಲೋಕಸೇವಾ ಆಯೋಗ) ವನಸೇವಾ ಪರೀಕ್ಷಾ ಬರಿ, ಪಾಸಾದ್ರ ನೇರ ರೇಂಜರ್, ಸಾಂಗ್ಲಿ ಜಿಲ್ಲಾದ ಕುಂಡಲದಾಗ ಟ್ರೇನಿಂಗ್, ಬೇಸಿಕ್ಕೇ ವನರಕ್ಷಕನ ಹತ್ರತ್ರ ಡಬಲ್. ಅದೇ ಪರೀಕ್ಷಾದಾಗ ಎಸಿಎಫ್ ಆದ್ರ 56,100, ಯುಪಿಎಸ್‌ಸಿಯಿಂದ ಐಎಫ್‌ಎಸ್ (ಭಾರತೀಯ ಅರಣ್ಯ ಸೇವೆ) ಆದವನ ಶುರುವಾತಿನ ಬೇಸಿಕ್ಕೂ ಅಷ್ಟೇ. ಗಾರ್ಡ್ ಆಗಿ ಓದಿ ರೇಂಜರ್ ಆದವರು ನನ್ನ ಕೈಯಾಗ ಕೆಲಸ ಮಾಡಿದವರಾಗ ಇದ್ದಾರ, ಆಮ್ಯಾಲ ನಾನೇ ಅವರಿಗೆ ಸೆಲ್ಯೂಟ್ ಹೊಡದೀನಿ, ಖುಷಿಯಿಂದಲೇ.

ಇನ್ನೊಂದು ದಾರಿ ಯಾರೂ ನೆನಸೂದಿಲ್ಲ. ಮುಂಬೈ ಏರ್‌ಪೋರ್ಟಿನಾಗ ಬ್ಯಾಂಕಾಕ್ ಫ್ಲೈಟಿನ ಬ್ಯಾಗಿನಾಗ ಹಾವು, ಆಮೆ, ಮಂಗ ಸಿಕ್ತು ಅಂತ ಪೇಪರಿನಾಗ ಓದ್ತಿ ಅಲ್ಲ, ಅದನ್ನ ಹಿಡಿಯೋವರು ಕಸ್ಟಮ್ಸ್‌ನವರು. ಪದವೀಧರರಿಗೆ ಕೇಂದ್ರ ಸರ್ಕಾರ ನಡಸೋ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷಾ ಬರದು ಕಸ್ಟಮ್ಸ್‌ನಾಗ ಪ್ರಿವೆಂಟಿವ್ ಆಫೀಸರ್ ಆದ್ರ ಬೇಸಿಕ್ 44,900, ಮುಂಬೈ ಎಚ್‌ಆರ್‌ಎ 30 ಪರ್ಸೆಂಟ್ ಎಲ್ಲಾ ಸೇರಿ ಕೈಗೆ ಎಂಬತ್ತು ಸಾವಿರದ ಆಸುಪಾಸು. ಕೇಂದ್ರದ ನೌಕರಿ, ಡೊಮಿಸೈಲ್ ತಕರಾರು ಇಲ್ಲ. ಆದ್ರ ಅಲ್ಲಿ ಹತ್ತು ದಿವ್ಸದಾಗ ಒಂಬತ್ತು ದಿವ್ಸ ಬಂಗಾರ, ಗಾಂಜಾ, ಎಲೆಕ್ಟ್ರಾನಿಕ್ಸು. ಡೆಲ್ಲಿಯ ವೈಲ್ಡ್‌ಲೈಫ್ ಕ್ರೈಮ್ ಕಂಟ್ರೋಲ್ ಬ್ಯೂರೋಗೆ ಮುಂಬೈದಾಗ ರೀಜನಲ್ ಆಫೀಸ್ ಅದ, ನಿನ್ನ ಮನಸ್ಸಿನಾಗ ಇರೋ ಕೆಲಸ ಖರೇ ಅಂದ್ರ ಅದು, ಆದ್ರ ಅಲ್ಲಿ ಬಹುತೇಕ ಡೆಪ್ಯುಟೇಶನ್, ಅಂದ್ರ ಎರವಲು ನೌಕರಿ, ಫಾರೆಸ್ಟ್, ಪೊಲೀಸ್, ಕಸ್ಟಮ್ಸ್ ಇವುಗಳಿಂದಲೇ ಕರಕೊಳ್ತಾರ. ಹಂಗಾಗಿ ಮೊದಲು ಯಾವುದಾದ್ರೂ ಒಂದು ಯೂನಿಫಾರ್ಮ್ ಮೈಮ್ಯಾಲ ಬರಬೇಕು.

ಗೋವಾ ಬಿಡು. ಅತ್ತಿ ಮನಿ ಇದ್ರ ಮೀನು ಊಟಕ್ಕ ಹೋಗು, ಫಾರ್ಮಿಗೆ ಅಲ್ಲ. ಅಲ್ಲಿ 15 ವರ್ಷದ ರೆಸಿಡೆನ್ಸ್ ಸರ್ಟಿಫಿಕೇಟ್ ಬೇಕು, ಕೊಂಕಣಿ ಬರಲೇಬೇಕು. ನಿಮ್ಮತ್ತಿ ಮಕ್ಕಳು ವಾಸ್ಕೋದಾಗೇ ಹುಟ್ಟಿ ಅಲ್ಲೇ ಕಲತವರಾದ್ರ ಅವರಿಗೆ ಹೇಳು, ಅಲ್ಲಿ ರಿಟೈರ್‌ಮೆಂಟ್ 60ಕ್ಕ, ಊರು ಸಣ್ಣದು, ಮೊಲೆಮ್ ಪೋಸ್ಟಿಂಗ್ ಬಿದ್ರೂ ವಾಸ್ಕೋಕ್ಕ ಒಂದೇ ದಿವ್ಸದಾಗ ಹೋಗಿ ಬರಬಹುದು, ನಾ ಮ್ಯಾಲ ಹೇಳಿದ ಎರಡನೇ ಮನಿ ಖರ್ಚು ಅಲ್ಲಿ ಇಲ್ಲ. ಅಲ್ಲಿ ಕೆಲಸ ಹಗೂರ ಅಂತ ಮಾತ್ರ ತಿಳೀಬ್ಯಾಡ, ಮಳಿ ಶುರುವಾದ್ರ ಕಪ್ಪಿ ಹಿಡಿದು ಹೋಟೆಲಿಗೆ ಮಾರೋವರ ಹಿಂದ ರಾತ್ರಿ ಪೂರ್ತಿ ಗದ್ದಿ ತಿರುಗಬೇಕು, 2020ರಾಗ ಮಹಾದಾಯಿ ಅಭಯಾರಣ್ಯದಾಗ ಒಂದೇ ಸಲಕ್ಕ ನಾಕು ಹುಲಿ ವಿಷಕ್ಕ ಸತ್ತದ್ದು ಅದೇ ಗೋವಾದಾಗ.

ಈಗ ನೀ ಮಾಡೋದು ಇಷ್ಟು. ಈ ರವಿವಾರ ಅಜ್ಜನ ಹಳೇ ಕಾಗದದ ಪೆಟ್ಟಿಗಿ ತಗದು ನೋಡು, ರೇಶನ್ ಕಾರ್ಡು, ಮಿಲ್ಲಿನ ಪಾಸು, ಸಾಲಿ ದಾಖಲೆ ಏನೇನದ, ಯಾವ ವರ್ಷದ್ದು. ಸೋಮವಾರ ಬೆಳಿಗ್ಗೆ ಡ್ಯೂಟಿಗಿಂತ ಮೊದಲು ಮೈದಾನಕ್ಕ ಹೋಗಿ 5 ಕಿಮೀ ಓಡು, ಹಳೇ ಬೂಟ್ ಹಾಕ್ಕೊಂಡು. ಎಷ್ಟು ನಿಮಿಷ ಆಯ್ತು ಅಂತ ನನಗ ಬರದು ಕಳಸು, ಮರಾಠ್ಯಾಗ ಬರಿ, ಅಕ್ಷರಾನೂ ನೋಡಿದಂಗ ಆಗ್ತದ.